ಲಕ್ಷ ಜನ ನೋಡಿದ ಅಡ್ಡ ಚಿತ್ರ

ಚಿತ್ರ ಅಡ್ಡವಾಗಿತ್ತು.

ನಾಲ್ಕು ವರ್ಷಗಳಲ್ಲಿ ಲಕ್ಷಾಂತರ ಜನ ಅದನ್ನು ನೋಡಿದ್ದಾರೆ, ಹಂಚಿದ್ದಾರೆ, ಅದರ ಕೆಳಗೆ ಬಾಯಿಗೆ ಬಂದಂತೆ ಉಗಿದಿದ್ದಾರೆ. ಅದು ಅಡ್ಡವಾಗಿದೆ ಎಂದು ಒಬ್ಬ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ. ನನಗೂ ಹೊಳೆದದ್ದು ಆಗಷ್ಟೇ, ಗಾಳಿಯ ಅತ್ತೆ ಅದರ ಅಚ್ಚು ಪ್ರತಿಯೊಂದನ್ನು ಅಡುಗೆಮನೆಯ ಮೇಜಿನ ಮೇಲೆ ನನ್ನ ಮುಂದೆ ಬಿಸಾಡಿದ ಮೇಲೆ.

"ಬೆಳಿಗ್ಗೆ ಬಾಗಿಲ ಕೆಳಗಿಂದ ತೂರಿಸಿ ಹೋಗಿದಾರೆ," ಎಂದರು ಮುದುಕಿ. "ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಾಯ್ಸಿದ್ವಿ. ಹೊಸ ವಿಳಾಸ ನಮಗೆ ಬಾಯಿಪಾಠ ಆಗೋಕೆ ಮುಂಚೆ ಇವರಿಗೆ ಆಗಿರುತ್ತೆ."

ಆ ಚಿತ್ರವನ್ನು ಮೊದಲು ಜಾಲತಾಣಕ್ಕೆ ಹಾಕಿದ 'ಎಚ್ಚರದ ಗಂಟೆ' ಪುಟದ ಒಡೆಯ, ಎಲ್ಲರೂ ಗಂಟೆ ಎಂದೇ ಕರೆಯುವ ಆಸಾಮಿ, ಮೊನ್ನೆ ಸಂಜೆ ತನ್ನ ಕಟ್ಟಡದ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ. ಅವನಿಗಿನ್ನೂ ಪ್ರಜ್ಞೆ ಬಂದಿರಲಿಲ್ಲ. ಅವನ ಮನೆಗೆ ಕೊನೆಗೆ ಹೋಗಿಬಂದವಳು ಗಾಳಿ ಎಂದು ಪೊಲೀಸರು ಅವಳನ್ನು ನಸುಕಿನಲ್ಲೇ ಎತ್ತಿಕೊಂಡು ಹೋಗಿದ್ದರು. ಖಾಸಗಿ ಪತ್ತೇದಾರಿಕೆ ಮಾಡುವ, ಆ ಮನೆಗೆ ಹಳೆಯ ಪರಿಚಯದ ನನ್ನನ್ನು ಅವಳ ಅತ್ತೆ ಕರೆಸಿದ್ದು ಅದಕ್ಕೇ.

ಗಾಳಿ ಎನ್ನುವುದು ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಂಬುಲೆನ್ಸ್ ಓಡಿಸುತ್ತಿದ್ದ ಕಾಲದಲ್ಲಿ ಜೊತೆಯವರು ಇಟ್ಟದ್ದು. ಅಪ್ಪ ಅಮ್ಮ ಇಟ್ಟ ಹೆಸರನ್ನು ಅವಳು ಈಗ ಎಲ್ಲೂ ಹೇಳುವಂತಿಲ್ಲ. ಹೇಳಿದರೆ ಎದುರಿನವರು ಫೋನಿನಲ್ಲಿ ಹುಡುಕುತ್ತಾರೆ, ಹುಡುಕಿದರೆ ಮೊದಲು ಸಿಗುವುದು ಈ ಚಿತ್ರ.

ಫೋನಿನ ಪರದೆಯನ್ನೇ ಸೆರೆಹಿಡಿದ ಆ ಚಿತ್ರದಲ್ಲಿರುವುದು ಮೂರು ಸಾಲು. ಆಂಬುಲೆನ್ಸ್ ಸ್ಟೇಷನ್ನಿನ ಎಂಟು ಜನ ತಮ್ಮೊಳಗೇ ಮಾಡಿಕೊಂಡಿದ್ದ ಗುಂಪಿನಲ್ಲಿ ಅವಳು ಬರೆದದ್ದು: 'ಇನ್ನೊಬ್ಬ ಕುಡುಕ ಹೋದ. ಸಾಯೋದಾದ್ರೆ ನನ್ನ ಗಾಡಿ ಹತ್ತೋಕೆ ಮುಂಚೆ ಸಾಯಬಾರದಿತ್ತಾ? ನೆಲ ತೊಳೆದು ತೊಳೆದು ಸೊಂಟ ಬಿದ್ದೋಯ್ತು.'

ನಾನು ಅವಳ ಪರವಾಗಿ ವಕಾಲತ್ತು ಹಾಕುವುದಿಲ್ಲ. ಅದು ಕೆಟ್ಟ ಮಾತು. ಸತ್ತ ಹುಡುಗ ಕುಡಿದಿರಲೂ ಇಲ್ಲ, ಸಕ್ಕರೆ ಕಾಯಿಲೆಯಿಂದ ತೂರಾಡಿ ರಸ್ತೆಗೆ ಬಿದ್ದಿದ್ದ ಎಂದು ಆಮೇಲೆ ತಿಳಿಯಿತು. ದಿನವೂ ಹೆಣ ಹೊರುವವರು ತಮ್ಮ ತಮ್ಮೊಳಗೆ ಹೀಗೆ ಮಾತಾಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಮರುದಿನ ಗಾಡಿ ಹತ್ತಲಾರರು. ಆದರೆ ಆ ಮಾತು ಗೋಡೆಯೊಳಗೇ ಇರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ, ಒಪ್ಪಿದೆ. ಇವಳನ್ನು ಮಾತ್ರ ಬಾವಿಗೇ ತಳ್ಳಿದರು. ಕೆಲಸ ಹೋಯಿತು. ಗಂಡ ಪೆಟ್ಟಿಗೆ ಕಟ್ಟಿಕೊಂಡು ಹೊರಟ. ಸತ್ತ ಹುಡುಗನ ತಾಯಿ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡವಳು, "ನನಗೆ ಸಾಕು, ಅವಳನ್ನು ಬಿಟ್ಟುಬಿಡಿ" ಎಂದು ಒಂದು ದಿನ ಬರೆದಳು. ಅದನ್ನು ಯಾರೂ ಹಂಚಲಿಲ್ಲ. ನ್ಯಾಯ ಕೇಳುತ್ತಿದ್ದ ಆ ಲಕ್ಷ ಜನರಿಗೆ ಅವಳ ಮಾತು ಬೇಕಿರಲಿಲ್ಲ.

"ಮಗ ಬಿಟ್ಟು ಹೋದ," ಎಂದಿದ್ದರು ಮುದುಕಿ ಮೊದಲ ಭೇಟಿಯಲ್ಲೇ. "ಹೋಗ್ಲಿ. ಹೆತ್ತಿದ್ದು ಅವನನ್ನೇ ಆದ್ರೂ ನನ್ನ ಆಯ್ಕೆ ಇವಳು. ಅವಳ ಬಾಯಿ ಕೆಟ್ಟದ್ದು, ನನಗೆ ಗೊತ್ತಿಲ್ವಾ? ಅವಳಿಂದ ಬೈಸಿಕೊಂಡಿರೋದು ನಾನೇ ಜಾಸ್ತಿ."

ಈಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಏನ್ ತಾಯಿ, ಅಷ್ಟೊತ್ತಿಂದ ಅದನ್ನೇ ತಿರುಗಿಸಿ ತಿರುಗಿಸಿ ನೋಡ್ತಿದೀರ?"

"ಅಮ್ಮ, ನೀವು ಫೋನಲ್ಲಿ ಮೆಸೇಜು ಓದೋವಾಗ ಫೋನನ್ನ ಹೇಗೆ ಹಿಡ್ಕೋತೀರ?"

"ಇನ್ನು ಹೇಗೆ? ನೆಟ್ಟಗೆ."

"ಎಲ್ಲರೂ ನೆಟ್ಟಗೇ ಹಿಡ್ಕೋತಾರೆ. ಈ ಚಿತ್ರ ತೆಗೆದ ಫೋನು ಅಡ್ಡ ಇತ್ತು. ಅಕ್ಷರ ನೋಡಿ, ಹೆಬ್ಬೆರಳಿನಷ್ಟು ದಪ್ಪ. ಮೂರು ಸಾಲಿಗೇ ಪರದೆ ತುಂಬಿಹೋಗಿದೆ."

ತೊಟ್ಟಿಯ ಹತ್ತಿರ ಲೋಟ ತೊಳೆಯುತ್ತಿದ್ದ ಹುಡುಗಿ ನಲ್ಲಿ ನಿಲ್ಲಿಸಿದಳು. ಗಾಳಿಯ ಮಗಳು, ಹದಿನಾರು ವಯಸ್ಸು. ಶಾಲೆಯಲ್ಲಿ ಅವಳನ್ನು 'ನೆಲ ತೊಳೆಯೋಳ ಮಗಳು' ಎಂದು ಕರೆಯುತ್ತಾರಂತೆ. ಲೋಟವನ್ನು ಬೋರಲು ಹಾಕಿ ಒಳಕೋಣೆಗೆ ಹೋದಳು.

ಮುದುಕಿ ಕನ್ನಡಕ ಏರಿಸಿ ಕಾಗದವನ್ನು ದೂರಕ್ಕೆ ಹಿಡಿದರು. "ಅವಳ ಗಾಡೀಲಿ ಒಂದು ಫೋನು ಇರ್ತಿತ್ತು," ಎಂದರು ನಿಧಾನವಾಗಿ. "ಸ್ಟೇರಿಂಗ್ ಪಕ್ಕದಲ್ಲಿ. ಅದು ಅಡ್ಡ ಕೂತಿರ್ತಿತ್ತು."

*

ಸ್ಟೇಷನ್ ಎಂದರೆ ತಗಡಿನ ಚಾವಣಿಯ ಉದ್ದನೆ ಶೆಡ್ಡು, ಮೂರು ಗಾಡಿ, ಮೂಗಿಗೆ ಹೊಡೆಯುವ ಔಷಧದ ವಾಸನೆ. ಒಂದು ಗಾಡಿಯ ಹಿಂಬಾಗಿಲು ತೆರೆದು ಇಬ್ಬರು ಪೈಪು ಹಿಡಿದು ತೊಳೆಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೇಲ್ವಿಚಾರಕ ನನ್ನನ್ನು ನೋಡಿದ್ದೇ ತಡ, ಕೈ ಅಡ್ಡ ಹಿಡಿದ.

"ಆ ಹೆಂಗಸಿನ ವಿಷಯಕ್ಕೆ ಬಂದಿದ್ರೆ ಇಲ್ಲೇ ವಾಪಸ್ ಹೋಗಿ, ಮೇಡಂ. ನಮಗೂ ಅವಳಿಗೂ ಸಂಬಂಧ ಇಲ್ಲ. ಚಿತ್ರ ಹೊರಗೆ ಕಳಿಸಿದ್ದು ನಾನಲ್ಲ."

"ನೀವು ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಆದರೆ ಇವನ ಭಯ ಬೇರೆ. ಗಾಳಿಯೇ ಹಿಂದೊಮ್ಮೆ ಹೇಳಿದಂತೆ, ಅವಳ ಮೂರು ಸಾಲಿಗೆ ಗುಂಪಿನ ಉಳಿದ ಏಳೂ ಜನ ಬಿದ್ದು ಬಿದ್ದು ನಗುವ ಮುಖಗಳನ್ನು ಹಾಕಿದ್ದರು, ಮೊದಲು ನಕ್ಕವನು ಇವನೇ. ಚಿತ್ರದಲ್ಲಿ ಆ ನಗು ಬರಲಿಲ್ಲ. ದಪ್ಪ ಅಕ್ಷರಗಳ ದೆಸೆಯಿಂದ ಅವೆಲ್ಲ ಪರದೆಯ ಕೆಳಗೇ ಉಳಿದುಹೋದವು. ಮರುದಿನ ಏಳು ಜನ ತಮ್ಮ ತಮ್ಮ ನಗುವನ್ನು ಅಳಿಸಿ, ಅವಳ ಅಮಾನತಿನ ಪತ್ರಕ್ಕೆ ಸಾಕ್ಷಿ ಹಾಕಿದರು.

"ನಿಮ್ಮ ಅಂಗಿ ಚೆನ್ನಾಗಿದೆ," ಎಂದೆ. "ಅದರ ಮೇಲೆ ಕೆಸರು ಬೀಳದ ಹಾಗೆ ನಾನೂ ನೋಡ್ಕೋತೀನಿ. ನನಗೆ ಗಾಡಿಯ ಫೋನು ತೋರಿಸಿ, ಸಾಕು."

ತೋರಿಸಿದ. ಬೇರೆ ದಾರಿ ಇರಲಿಲ್ಲ ಅವನಿಗೆ.

ಸ್ಟೀರಿಂಗಿನ ಎಡಕ್ಕೆ ಹಿಡಿಕೆಯೊಂದರಲ್ಲಿ ಫೋನು ಅಡ್ಡವಾಗಿ ಕೂತಿತ್ತು. ದಾರಿಯ ನಕ್ಷೆ ಕಾಣಲೆಂದು ಅಡ್ಡ, ಓಡಿಸುತ್ತಲೇ ಓದಲೆಂದು ಅಕ್ಷರ ದಪ್ಪ. ಡ್ಯೂಟಿಗೆ ಹೊರಡುವವರು ಸ್ವಂತ ಫೋನನ್ನು ಗೋಡೆಯ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋಗಬೇಕು. ಗಾಯಾಳುಗಳ ಫೋಟೋ ಹೊರಗೆ ಹೋಗಬಾರದೆಂದು ಇಟ್ಟ ನಿಯಮ. ನಿಯಮ ಮಾಡಿದವರು ಒಂದನ್ನು ಮರೆತಿದ್ದರು: ಆಸ್ಪತ್ರೆಯ ಅಂಗಳದಲ್ಲಿ ಗಂಟೆಗಟ್ಟಲೆ ಕಾಯುವವರಿಗೆ ಹೊತ್ತು ಹೋಗಬೇಕಲ್ಲ.

"ಅದಕ್ಕೇ ಗುಂಪನ್ನ ಗಾಡಿಯ ಫೋನಲ್ಲೇ ತೆರೆದಿಟ್ಕೊಂಡಿದ್ರಿ," ಎಂದೆ. "ಪ್ರತಿಯೊಬ್ಬರೂ ಅವರವರ ಗಾಡೀಲಿ."

"ಎಲ್ಲರೂ ಮಾಡ್ತಿದ್ರು," ಎಂದು ಅವನು ನೆಲ ನೋಡಿದ.

ನಾನು ಚಿತ್ರದ ಮೇಲಿನ ಮೂಲೆಯನ್ನು ಅವನ ಮೂಗಿಗೆ ಹಿಡಿದೆ. ಅಲ್ಲಿ ಚಾರ್ಜ್ ಆಗುತ್ತಿರುವ ಗುರುತಿತ್ತು, ಪಕ್ಕದಲ್ಲಿ ವೈಫೈ ಗುರುತು. ರಸ್ತೆಯಲ್ಲಿರುವ ಗಾಡಿಗೆ ವೈಫೈ ಎಲ್ಲಿಂದ ಬರಬೇಕು?

"ಈ ಶೆಡ್ಡಲ್ಲಿ ಮಾತ್ರ ಬರುತ್ತೆ," ಎಂದ ಅವನು, ಒಲ್ಲದ ಮನಸ್ಸಿನಿಂದ. "ಗಾಡಿ ಇಲ್ಲೇ ನಿಂತಿತ್ತು ಅಂತಾಯ್ತು."

"ಅದೂ ಮಧ್ಯಾಹ್ನ. ಶಾಲೆ ಬಿಡೋ ಹೊತ್ತು. ಚಿತ್ರದಲ್ಲೇ ಗಡಿಯಾರ ಇದೆ, ನಾಲ್ಕು ವರ್ಷದಿಂದ ಇದೆ. ಆ ಹೊತ್ತಲ್ಲಿ ಅವಳ ಗಾಡಿ ಏನು ಮಾಡ್ತಿತ್ತು?"

"ತೊಳೀತಿದ್ರು. ಆ ಹುಡುಗ ಸತ್ತ ಗಾಡಿ ಅಲ್ವಾ. ಅವಳೂ ಜೊತೆಯವನೂ ಹಿಂದೆ ತೊಳೀತಿದ್ರು. ಮಧ್ಯೆ ಒಂದ್ಸಲ ಮುಂದೆ ಹೋಗಿ ಆ ದರಿದ್ರ ಮೆಸೇಜು ಹಾಕಿ ಬಂದ್ಲು, ಮತ್ತೆ ಪೈಪು ಹಿಡಿದ್ಲು."

"ಆಮೇಲೆ ಮುಂದಿನ ಸೀಟಲ್ಲಿ ಯಾರಿದ್ರು?"

"ಯಾರೂ ಇರಲಿಲ್ಲ."

"ನೆನಪು ಮಾಡ್ಕೊಳ್ಳಿ."

"ಯಾರೂ ಇರಲ್ಲ ಮೇಡಂ, ತೊಳೆಯೋವಾಗ ಮುಂದೆ ಯಾರಿಗೇನು ಕೆಲಸ? ಆ ಮಗು ಒಂದು..." ಎಂದವನು ಬಾಯಿ ಮುಚ್ಚಿಕೊಂಡ.

ಪೈಪು ಹಿಡಿದವರಲ್ಲಿ ಒಬ್ಬ ತಿರುಗಿ ನೋಡಿದ. ಮೇಲ್ವಿಚಾರಕ ದನಿ ತಗ್ಗಿಸಿದ. ಗಾಳಿಯ ಮಗಳು ಆಗ ಹನ್ನೆರಡರವಳು. ಶಾಲೆ ಬಿಟ್ಟ ಮೇಲೆ ಅಮ್ಮನ ಡ್ಯೂಟಿ ಮುಗಿಯುವವರೆಗೆ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಶಾಲೆಯ ಪಾಠ ಬರೆಯುತ್ತಿದ್ದಳಂತೆ. ಎಲ್ಲರಿಗೂ ಮುದ್ದಿನ ಮಗು. ಅವಳ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಇಲ್ಲಿಗೆ ಬರುವಾಗ ಒಬ್ಬ ದ್ರೋಹಿಯನ್ನು ಹಿಡಿದು ಕೆನ್ನೆಗೆ ಬಾರಿಸುವ ಹುರುಪಿನಲ್ಲಿದ್ದೆ. ಈಗ ಆ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

*

ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರಿಗೆ ನೆಗಡಿಯಾಗಿತ್ತು. ನಾನು ವಿಮಾ ಕಂಪನಿಯಲ್ಲಿ ಸುಳ್ಳು ದಾವೆಗಳನ್ನು ಹಿಡಿಯುತ್ತಿದ್ದ ಕಾಲದಿಂದ ಪರಿಚಯ. ಮೂಗು ಒರೆಸಿಕೊಳ್ಳುತ್ತ, "ತಡವಾಗಿ ಬಂದ್ರಿ ಮೇಡಂ, ನಿಮ್ಮ ಗಾಳಿ ಒಪ್ಕೊಂಡಾಯ್ತು," ಎಂದ. "ಹೇಳಿಕೆ ಟೈಪ್ ಆಗ್ತಿದೆ. ಸಂಜೆಯೊಳಗೆ ಜಡ್ಜ್ ಮುಂದೆ ನಿಲ್ಲಿಸ್ತೀನಿ. ಅಷ್ಟರೊಳಗೆ ಮಾತಾಡೋದಿದ್ರೆ ಮಾತಾಡಿ."

ಗಾಜಿನ ಗೋಡೆಯ ಸಣ್ಣ ಕೋಣೆಯಲ್ಲಿ ಗಾಳಿ ಕೂತಿದ್ದಳು. ಈಗ ಅವಳು ಗೋದಾಮೊಂದರಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾಳೆ, ಮುಖ ಯಾರಿಗೂ ಕಾಣದ ಕೆಲಸ. ಬೆರಳ ತುದಿಗಳಲ್ಲಿ ಗೋಂದು ಒಣಗಿ ಪದರ ಪದರವಾಗಿತ್ತು.

"ಒಪ್ಕೊಂಡೆಯಂತೆ," ಎಂದೆ.

"ಹೂಂ ಅಕ್ಕ."

"ಯಾತರಲ್ಲಿ ಹೊಡೆದೆ?"

"ಕೈಗೆ ಸಿಕ್ಕಿದ್ರಲ್ಲಿ."

"ಕೈಗೆ ಏನು ಸಿಕ್ತು?"

"ನೆನಪಿಲ್ಲ."

"ತಲೆ ಒಡೆದವರನ್ನ ವರ್ಷಗಟ್ಟಲೆ ಗಾಡಿಗೆ ಹಾಕಿದವಳು ನೀನು. ಗಾಯ ನೋಡಿ ಕಬ್ಬಿಣದ್ದೋ ಕಲ್ಲಿಂದೋ ಅಂತ ಡಾಕ್ಟರಿಗೇ ಹೇಳ್ತಿದ್ದೆಯಂತೆ. ನೀನೇ ಹೊಡೆದಿದ್ದು ಮಾತ್ರ ನೆನಪಿಲ್ವಾ?"

ಅವಳು ಗೋಂದು ಕೆರೆಯುತ್ತ ಕೂತಳು. ನನಗೆ ರೇಗಿತು. ಇವಳ ಮೇಲೂ ರೇಗಿತು, ಹೊರಗೆ ಟಕಟಕ ಟೈಪ್ ಆಗುತ್ತಿದ್ದ ಆ ಹೇಳಿಕೆಯ ಮೇಲೂ. ಚಿತ್ರವನ್ನು ತೆಗೆದು ಮೇಜಿನ ಮೇಲೆ ಇಟ್ಟೆ.

"ಇದು ಅಡ್ಡ ಇದೆ," ಎಂದೆ.

ಅವಳ ಕೈ ತಟ್ಟನೆ ಬಂದು ಚಿತ್ರವನ್ನು ಮುಚ್ಚಿತು.

"ಯಾರಿಗೆ ಹೇಳಿದೀರ?"

"ಯಾರಿಗೂ ಇಲ್ಲ. ನಿಮ್ಮ ಸ್ಟೇಷನ್ ಮೇಲ್ವಿಚಾರಕನಿಗೆ ಅರ್ಧ ಗೊತ್ತು, ಅವನು ಬಾಯಿ ಬಿಡಲ್ಲ."

"ಹೇಳಬೇಡಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳಬೇಡ, ನಿಜ ಹೇಳು."

ಹೇಳಿದಳು. ಗಾಜಿನಾಚೆ ನೋಡುತ್ತ, ಗಟ್ಟಿ ದನಿಯಲ್ಲಿ, ಗಾಯಾಳುವಿನ ವಿವರ ಒಪ್ಪಿಸುವ ಹಾಗೆ ಹೇಳಿದಳು.

"ಪಾಠ ಬರೀತಾ ಕೂತಿದ್ಲು. ಮೆಸೇಜು ಕಂಡಿದೆ. ಅವಳಿಗದು ಜೋಕು. ನಮ್ಮಮ್ಮ ಎಷ್ಟು ತಮಾಷೆ ಮಾಡ್ತಾಳೆ ನೋಡು ಅಂತ ಫೋಟೋ ತೆಗೆದು ಗೆಳತಿಗೆ ಕಳಿಸಿದ್ಲು. ನನ್ನ ಖಾತೆಯಿಂದಾನೇ ಕಳಿಸಿದ್ಲಲ್ಲ, ಆಮೇಲೆ ನನಗೆ ಕಾಣಿಸ್ತು. ಅಳಿಸಿಬಿಟ್ಟೆ. ಆ ಗೆಳತಿಯ ಅಣ್ಣ ಯಾರು ಗೊತ್ತಾ?"

"ಗಂಟೆ."

"ಅವನೇ. ಆಗಷ್ಟೇ ಪುಟ ಶುರು ಮಾಡಿದ್ದ. ನೋಡೋರು ಯಾರೂ ಇರಲಿಲ್ಲ. ನನ್ನಿಂದ ಬಂದ್ರು ಎಲ್ಲಾ."

ಅಂದರೆ ಅವನಿಗೆ ಮೊದಲ ದಿನದಿಂದಲೇ ತಿಳಿದಿತ್ತು. ಹನ್ನೆರಡು ವರ್ಷದ ಮಗುವೊಂದು ಅಮ್ಮನ ಮೇಲಿನ ಹೆಮ್ಮೆಯಿಂದ ಕಳಿಸಿದ ಚಿತ್ರ ಇದು ಎಂದು ತಿಳಿದೂ, ಅದಕ್ಕೆ ಬೆಂಕಿ ಹಚ್ಚಿ ಮೈ ಕಾಯಿಸಿಕೊಂಡ. ಆಸ್ಪತ್ರೆಯಲ್ಲಿ ಮಲಗಿರುವವನ ಬಗ್ಗೆ ಹೀಗೆ ಹೇಳಬಾರದು, ಆದರೂ ನನಗೆ ಅವನ ಮೇಲೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ.

"ನಾಲ್ಕು ವರ್ಷ ಮಗಳಿಗೂ ಹೇಳಲಿಲ್ವಾ?"

"ಏನಂತ ಹೇಳ್ಲಿ?" ಗಾಳಿ ಈಗ ನನ್ನನ್ನು ನೇರ ನೋಡಿದಳು. "ನಿಮ್ಮಪ್ಪ ಮನೆ ಬಿಟ್ಟಿದ್ದು, ಅಜ್ಜಿಗೆ ಎದೆನೋವು ಬಂದಾಗ ಪಕ್ಕದ ಮನೆಯೋರು ಬಾಗಿಲು ತೆಗೀದೇ ಇದ್ದಿದ್ದು, ನಿನ್ನ ಬ್ಯಾಗಿಗೆ ಉಗುಳು ಹಾಕಿದ್ದು, ಎಲ್ಲಾ ನೀನು ಒಂದು ಸಲ ಒತ್ತಿದ್ದಕ್ಕೆ ಅಂತ ಹೇಳ್ಲಾ? ಬರೆದಿದ್ದು ನಾನು. ಅವಳು ಬರೀಲಿಲ್ಲ. ತಪ್ಪು ನಂದು, ನನ್ನ ಹತ್ರಾನೇ ಇರ್ಲಿ."

"ಮೊನ್ನೆ ಅವನ ಮನೆಗೆ ಯಾಕೆ ಹೋದೆ?"

"ಅವನ ಪುಟಕ್ಕೆ ಜನ ಕಮ್ಮಿ ಆಗಿದಾರಂತೆ. 'ಆ ಚಿತ್ರ ಕೊಟ್ಟವರು ಯಾರು' ಅಂತ ಹೊಸದಾಗಿ ಶುರು ಮಾಡ್ತೀನಿ, ಕೊನೇಲಿ ಹೆಸರು ಹೇಳ್ತೀನಿ ಅಂತ ನನಗೇ ಮೆಸೇಜು ಹಾಕಿದ್ದ. ಬೇಡಪ್ಪ ಅಂತ ಕೈ ಮುಗಿಯೋಕೆ ಹೋದೆ. ನನ್ನನ್ನ ತಿಂದು ತೇಗಿದೀರಲ್ಲ, ಸಾಲದಾ ಅಂದೆ. ನಕ್ಕ. ಅಷ್ಟೇ, ವಾಪಸ್ ಬಂದೆ."

"ಹೊಡೀಲಿಲ್ಲ."

"ಹೊಡೆದೆ ಅಂತ ಹೇಳಿಬಿಟ್ಟಿದೀನಿ."

"ನಿನ್ನ ತಲೇಲಿ ಏನಿದೆ?" ನನ್ನ ದನಿ ಏರಿತು. ಗಾಜಿನಾಚೆ ಪೇದೆಯೊಬ್ಬ ತಲೆಯೆತ್ತಿದ. "ನೀನು ಜೈಲಿಗೆ ಹೋದ್ರೆ ಅವನ ಬಾಯಿ ಮುಚ್ಚುತ್ತಾ? ಮಾಡದೇ ಇರೋದನ್ನ ಮಾಡಿದೆ ಅಂತ ಯಾಕೆ ಒಪ್ಕೋತೀಯ? ಆ ಜನಕ್ಕೆ ಬೇಕಾಗಿದ್ದೇ ಅದು. ನಾಲ್ಕು ವರ್ಷದ ಹಿಂದೇನೇ ನಾವು ಹೇಳಿರಲಿಲ್ವಾ ಅಂತ ಮೀಸೆ ತಿರುವ್ತಾರೆ."

"ಕೇಸು ಮುಗಿದ್ರೆ ಯಾರೂ ಕೆದಕಲ್ಲ ಅಕ್ಕ. ಸಿಕ್ಕಿದ್ಲಲ್ಲ ಅಂತ ಎದ್ದು ಹೋಗ್ತಾರೆ. ಜನ ನನಗೆ ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಹದಿನಾರು. ಒಂದು ದಿನವೂ ತಡ್ಕೊಳ್ಳಲ್ಲ ಅವಳು."

ಇಷ್ಟಾದರೂ ಎಲ್ಲೋ ಲೆಕ್ಕ ತಪ್ಪುತ್ತಿತ್ತು. ಗಂಟೆ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಬದುಕುತ್ತಾನೋ ಇಲ್ಲವೋ. ಅವನ ಬಾಯಿ ಈಗ ಮುಚ್ಚಿಯೇ ಇದೆ. ಹಾಗಿದ್ದರೆ ಇವಳಿಗೆ ಇಷ್ಟು ಆತುರ ಯಾಕೆ?

ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಇನ್‌ಸ್ಪೆಕ್ಟರ್ ಬಂದ. ಕೈಯಲ್ಲಿ ಅವನ ಫೋನಿತ್ತು, ನೆಗಡಿ ಮರೆತುಹೋದ ಮುಖವಿತ್ತು.

"ಗಂಟೆಯ ಪುಟದಲ್ಲಿ ಈಗ ಒಂದು ಪೋಸ್ಟ್ ಬಂದಿದೆ," ಎಂದ.

ಓದಿದೆ. 'ಆ ಚಿತ್ರ ಕೊಟ್ಟವರು ಹೊರಗಿನವರಲ್ಲ, ಅವಳ ಮನೆಯವರೇ. ಹೆಸರು ಇವತ್ತು ಸಂಜೆ.' ಕೆಳಗೆ ಆಗಲೇ ಜಾತ್ರೆ ನೆರೆದಿತ್ತು. ಗಂಡ ಎಂದು ಕೆಲವರು, ಅತ್ತೆ ಎಂದು ಕೆಲವರು ಪಂದ್ಯ ಕಟ್ಟುತ್ತಿದ್ದರು.

"ಅವನಿಗೆ ಪ್ರಜ್ಞೆ ಬಂತಾ?"

"ಇಲ್ಲ. ಆಸ್ಪತ್ರೆಗೆ ಈಗಷ್ಟೇ ಮಾತಾಡಿದೆ." ಇನ್‌ಸ್ಪೆಕ್ಟರ್ ಹೊರಗಿನ ತನ್ನ ಮೇಜಿನ ಕಡೆ ಕೈ ತೋರಿಸಿದ. "ಅವನ ಫೋನೂ ಕಂಪ್ಯೂಟರೂ ಮೊಹರು ಹಾಕಿ ನನ್ನ ಹತ್ರಾನೇ ಇವೆ. ಇದನ್ನ ಹಾಕಿದ್ದು ಯಾರು ಮೇಡಂ?"

ಪುಟ ನಡೆಸಲು ಇನ್ನೊಂದು ಕೈ ಇದೆ, ಆ ಗೆಳತಿಯದೋ ಇನ್ನಾರದೋ. ಆ ಕೈಯಲ್ಲಿ ಹುಡುಗಿಯ ಹೆಸರಿದೆ. ಇನ್‌ಸ್ಪೆಕ್ಟರ್ ಎದುರೇ ನಾನು ಗಾಳಿಯ ಮನೆಗೆ ಫೋನು ಮಾಡಿದೆ.

ಮುದುಕಿ ಎತ್ತಿಕೊಂಡರು. "ತಾಯಿ, ಮಗು ಕೋಣೆ ಬಾಗಿಲು ಹಾಕ್ಕೊಂಡಿದೆ. ಫೋನಲ್ಲಿ ಏನೋ ಓದಿದ್ಲು. 'ಅಜ್ಜಿ, ಅದನ್ನ ಕಳಿಸಿದ್ದು ನಾನು, ನನಗೆ ಯಾವತ್ತೋ ಗೊತ್ತು' ಅಂದ್ಲು. 'ಅವರು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ, ಅಮ್ಮನ್ನ ಬಿಡಿಸ್ತೀನಿ' ಅಂತಿದಾಳೆ. ನಾನು ಬಾಗಿಲು ಬಡೀತಾನೇ ಇದೀನಿ."

"ಬರೆಯೋಕೆ ಬಿಡಬೇಡಿ ಅಮ್ಮ. ಬಾಗಿಲು ಒಡೀರಿ."

"ನನ್ನ ಕೈಲಿ ಎಲ್ಲಿ ಆಗುತ್ತೆ ತಾಯಿ."

ಗಾಳಿ ಎದ್ದು ನಿಂತಿದ್ದಳು. ಯಾರೂ ಅವಳಿಗೆ ಏನೂ ಹೇಳಬೇಕಾಗಿರಲಿಲ್ಲ.

ಇನ್‌ಸ್ಪೆಕ್ಟರನ ಕೈಯಲ್ಲಿ ಫೋನು ಗುಂಯ್ ಎಂದಿತು. ಗಂಟೆಯ ಪುಟದ ಆ ಪೋಸ್ಟಿನ ಕೆಳಗೇ ಹುಡುಗಿ ತನ್ನ ಪೂರ್ತಿ ಹೆಸರಿನಲ್ಲಿ, ತನ್ನ ಮುಖದ ಫೋಟೋ ಸಮೇತ ಬರೆದಿದ್ದಳು: 'ಅಮ್ಮನ ಮೆಸೇಜಿನ ಆ ಚಿತ್ರ ಕಳಿಸಿದ್ದು ನಾನು. ನನಗೆ ಆಗ ಹನ್ನೆರಡು ವರ್ಷ. ಬೈಯೋದಿದ್ದರೆ ನನ್ನನ್ನು ಬೈಯಿರಿ. ಅಮ್ಮ ಯಾರನ್ನೂ ಹೊಡೆದಿಲ್ಲ.'

ಅದರ ಕೆಳಗೆ ಮೊದಲ ಉತ್ತರ ಆಗಲೇ ಬಂದಿತ್ತು. 'ಎಚ್ಚರದ ಗಂಟೆ' ಪುಟದಿಂದ.

'ಒಳ್ಳೆಯ ಹುಡುಗಿ. ಅಮ್ಮ ಹೊಡೆದಿಲ್ಲ ಎಂದು ನಿನಗೆ ಹೇಗೆ ಗೊತ್ತು ಅನ್ನೋದನ್ನೂ ಬರಿ. ಅಮ್ಮ ಇಳಿದು ಹೋದ ಮೇಲೆ ನೀನು ಆ ಮೆಟ್ಟಿಲು ಹತ್ತಿ ಬಂದದ್ದನ್ನೂ ಬರಿ.'

ನಾನು ಗಾಳಿಯ ಕಡೆ ತಿರುಗಿದೆ. ಅವಳಿಗೆ ಆಶ್ಚರ್ಯವಾಗಿರಲಿಲ್ಲ. ಮಗಳು ಅಲ್ಲಿಗೆ ಹೋದದ್ದು ಅವಳಿಗೆ ಮೊದಲೇ ಗೊತ್ತಿತ್ತು, ಆ ಆತುರ ಇದಕ್ಕೇ.

"ಹೇಳಿಕೆ ಎಲ್ಲಿ?" ಎಂದಳು ಇನ್‌ಸ್ಪೆಕ್ಟರಿಗೆ. "ಬೇಗ ಕೊಡಿ ಸಾರ್, ಸಹಿ ಹಾಕ್ತೀನಿ."